ಬತ್ತೀಸ ಶಿರಾಳದ ಜೀವಂತ ನಾಗರು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪಶ್ಚಿಮಕ್ಕಿರುವ ತಾಲ್ಲೂಕು ಊರು ಶಿರಾಳ. ಜನರ ಬಾಯಲ್ಲಿ ಬತ್ತೀಸ ಶಿರಾಳ. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಗರ ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು, ಜೋಕಾಲಿ ಜೀಕುವ ಹೊತ್ತಿಗೆ ಇಲ್ಲಿ ಹೆಡೆಯೆತ್ತಿದ ಜೀವಂತ ನಾಗರಹಾವಿಗೇ ಪೂಜೆ ನಡೆಯುತ್ತಿತ್ತು. ಅದರ ಮೂಲಕ್ಕೆ ಗೋರಖನಾಥರ ಕಥೆಯೊಂದಿದೆ. ಭಿಕ್ಷೆಗೆ ಬಂದ ನಾಥರಿಗೆ ಮನೆಯಾಕೆ ತಡಮಾಡಿದಳಂತೆ, ಮಣ್ಣಿನ ನಾಗನ ಪೂಜೆಯಲ್ಲಿದ್ದ ಕಾರಣಕ್ಕೆ. ನಾಥರು ಆ ಮಣ್ಣಿಗೇ ಜೀವ ತುಂಬಿದರಂತೆ.

ಶಿಲೆಯ ಹಾವಿಗೆ ಕೈಮುಗಿದು, ಹರಿಯುವ ಹಾವಿಗೆ ಕೋಲೆತ್ತುವವರನ್ನು ಬಸವಣ್ಣ ಹಂಗಿಸಿದ್ದುಂಟು. ಆ ಮಾತು ಶಿರಾಳದವರಿಗೆ ತಗಲದು. ಅವರು ಹಾವನ್ನು ಕೊಲ್ಲುತ್ತಿರಲಿಲ್ಲ. ಹಾವಿಗಾದ ಹಿಂಸೆ ಬೇರೆ ಬಗೆಯದು.

ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಹುಡುಗರ ಗುಂಪುಗಳು ಕೋಲು ಹಿಡಿದು ಹೊಲ, ಬದು, ಬಿಲಗಳನ್ನು ಜಾಲಾಡುತ್ತಿದ್ದವು. ಸಿಕ್ಕ ಹಾವನ್ನು ಮಡಕೆಗೆ ಬಿಟ್ಟು ಮಡಕೆಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದರು. ಪಂಚಮಿಯಂದು ಅಂಬಾಬಾಯಿ ಗುಡಿಗೆ ಒಯ್ದು, ಮನೆಮನೆಯಲ್ಲಿ ಅರಿಶಿನ ಕುಂಕುಮ ಏರಿಸಿ, ವಾದ್ಯದ ಮೆರವಣಿಗೆಯಲ್ಲಿ ಜನರ ನಡುವೆ ತೋರಿಸುತ್ತಿದ್ದರು. ಮಡಕೆಯನ್ನು ಮುಂದೆ ಅಲ್ಲಾಡಿಸಿದರೆ ಹೆಡೆಯೂ ಅದರೊಡನೆ ಓಲಾಡುತ್ತಿತ್ತು. ನೋಡುವವರಿಗೆ ಅದು ನರ್ತನ, ಹಾವಿಗೆ ಬರೀ ಭಯ. ಉದ್ದನೆಯ ಹಾವಿಗೆ, ಎತ್ತರದ ಹೆಡೆಗೆ ಬಹುಮಾನಗಳೂ ಇದ್ದವು. ಪೂಜೆ ಪೈಪೋಟಿಗೆ ತಿರುಗಿದ್ದು ಅಲ್ಲೇ. ಹಬ್ಬ ಮುಗಿದ ಮೇಲೆ ಹಾವುಗಳನ್ನು ಮರಳಿ ಬಿಡುವುದು ಪದ್ಧತಿ. ಆದರೆ ಹಾಲು ಹಾವಿನ ಆಹಾರವಲ್ಲ, ಮಡಕೆಯ ವಾಸವೂ ಅದಕ್ಕೆ ಒಗ್ಗುವುದಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರಹಾವಿಗೂ ರಕ್ಷಣೆ ಕೊಟ್ಟಿತ್ತು. ಶಿರಾಳದ ಮೆರವಣಿಗೆ ಮಾತ್ರ ದಶಕಗಳ ಕಾಲ ಹಾಗೆಯೇ ಸಾಗಿತು. ಕೊನೆಗೆ ವಿಷಯ ಮುಂಬಯಿ ಹೈಕೋರ್ಟ್ ಮುಟ್ಟಿತು. ಅದರ ಆದೇಶದಿಂದ ಹಾವು ಹಿಡಿಯುವುದೂ ಮೆರೆಸುವುದೂ ಸ್ಪರ್ಧೆಯೂ ನಿಂತವು. ಅರಣ್ಯ ಇಲಾಖೆಯ ಕಾವಲಿನಲ್ಲಿ ಪ್ರತಿಮೆ, ಚಿತ್ರಗಳಿಗೆ ಪೂಜೆ ನಡೆಯತೊಡಗಿತು. ಗೋರಖನಾಥರು ಜೀವ ತುಂಬಿದ್ದನ್ನು ನ್ಯಾಯಾಲಯ ಮತ್ತೆ ಮಣ್ಣಾಗಿಸಿತು ಎನ್ನಬಹುದು.

ಊರವರು ಪಟ್ಟು ಬಿಡಲಿಲ್ಲ. ತಲೆತಲಾಂತರದ ಹಾವಿನ ತಿಳಿವಳಿಕೆ ತಮ್ಮೊಂದಿಗೇ ಅಳಿಯುತ್ತದೆ ಎಂಬುದು ಅವರ ಅಳಲು. 2022ರ ತಿದ್ದುಪಡಿ ನಾಗರಹಾವನ್ನು ಕಾಯ್ದೆಯ ಮೊದಲ ಅನುಸೂಚಿಗೆ ಏರಿಸಿ ನಿಯಮವನ್ನು ಇನ್ನೂ ಬಿಗಿ ಮಾಡಿತು. ಆದರೂ 2025ರ ಪಂಚಮಿಗೆ ಕೇಂದ್ರ ಪರಿಸರ ಸಚಿವಾಲಯ, ಶಿಕ್ಷಣದ ಉದ್ದೇಶಕ್ಕೆಂದು, 21 ಹಾವುಗಳನ್ನು ಹಿಡಿಯಲು ಅನುಮತಿ ಕೊಟ್ಟಿತು. ಮೆರವಣಿಗೆಗೂ ಸ್ಪರ್ಧೆಗೂ ಅದರಲ್ಲಿ ಜಾಗವಿರಲಿಲ್ಲ.