ಕೈಗೂಸುಗಳೊಂದಿಗೆ ಬೇಸಿಗೆ ಪ್ರವಾಸ: ಪಾಲಕರ ಪೂರ್ವಸಿದ್ಧತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಕುಟುಂಬಗಳು ರಜೆಯಲ್ಲಿ ಆಲಮಟ್ಟಿ, ಕೂಡಲಸಂಗಮ, ಗೋಳಗುಮ್ಮಟಗಳಿಗೆ ತೆರಳುವುದು ವಾಡಿಕೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದ್ದರಿಂದ ಕೂಸು ಜೊತೆಗಿದ್ದಾಗ ನೀರು, ನೆರಳಿನ ಸಿದ್ಧತೆಯೇ ಮೊದಲಾಗಬೇಕು.

ಪ್ರಯಾಣ: ನಸುಕಿನಲ್ಲೇ ಹೊರಟು, ಮಧ್ಯಾಹ್ನ 12ರಿಂದ 3ರವರೆಗೆ ನೆರಳಿನಲ್ಲಿ ತಂಗುವುದು ಉತ್ತಮ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ರೈಲು ನಿಲ್ದಾಣಗಳು ಪಟ್ಟಣಗಳಿಂದ ದೂರವಿರುವುದರಿಂದ ಅಲ್ಲಿಗೆ ತಲುಪುವ ವಾಹನವನ್ನು ಮೊದಲೇ ಗೊತ್ತುಪಡಿಸಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಕ್ಷಣವೂ ಒಂಟಿಯಾಗಿ ಬಿಡಬಾರದು.

ಆಹಾರ: 6 ತಿಂಗಳೊಳಗಿನ ಕೂಸಿಗೆ ಎದೆಹಾಲೇ ಸಾಕು. ಸೆಕೆಯೆಂದು ನೀರು ಕುಡಿಸದೆ, ಮೇಲಿಂದ ಮೇಲೆ ಹಾಲುಣಿಸಬೇಕು. ದೊಡ್ಡ ಮಕ್ಕಳಿಗೆ ಕುದಿಸಿ ಆರಿಸಿದ ನೀರು, ಮನೆಯಲ್ಲೇ ತಯಾರಿಸಿದ ತಿನಿಸು ಕ್ಷೇಮಕರ.

ಔಷಧ: ತಾಯಿ ಕಾರ್ಡ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ. ಭೇದಿಯಾದಾಗ ಪೊಟ್ಟಣದ ಮೇಲೆ ನಮೂದಿಸಿದ ಪ್ರಮಾಣದ ನೀರಿನಲ್ಲಿಯೇ ಪುಡಿಯನ್ನು ಪೂರ್ತಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಲಿಂಬೆ ಶರಬತ್ತು ಇದಕ್ಕೆ ಪರ್ಯಾಯವಲ್ಲ. ಎದೆಹಾಲನ್ನು ನಿಲ್ಲಿಸಬಾರದು.

ಸ್ಥಳದಲ್ಲಿ: ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಕಿರಿದಾದ ಕಡಿದು ಮೆಟ್ಟಿಲುಗಳನ್ನು ಏರಬೇಕು. ಕೂಸಿನೊಂದಿಗೆ ಹಿರಿಯರೊಬ್ಬರು ಕೆಳಗೇ ಉಳಿಯುವುದು ಲೇಸು. ಕೃಷ್ಣಾ-ಮಲಪ್ರಭೆಯರ ಸಂಗಮದ ದಡದಲ್ಲಿ ಮಕ್ಕಳ ಕೈ ಬಿಡಬಾರದು.

ಎಚ್ಚರಿಕೆಯ ಚಿಹ್ನೆಗಳು: ಕಣ್ಣು ಅಥವಾ ನೆತ್ತಿ ಕುಳಿಬೀಳುವುದು, ಮೂತ್ರ ಕಡಿಮೆಯಾಗುವುದು, ಹಾಲು ಕುಡಿಯದಿರುವುದು, ಅತಿಯಾದ ಮಂಪರು. ಇವುಗಳಲ್ಲಿ ಯಾವುದೊಂದು ಕಂಡರೂ ಪ್ರವಾಸ ನಿಲ್ಲಿಸಿ ಸಮೀಪದ ಆಸ್ಪತ್ರೆಗೆ ಧಾವಿಸಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.