ಇಂಧನ ಕೋಶದ ಪೊರೆ: ಸೋತು ಮರಳಿದ ವಸ್ತುವಿನ ಕಥೆ



ವಿಜ್ಞಾನದ ಇತಿಹಾಸವೆಂದರೆ ಗೆದ್ದವರ ಪಟ್ಟಿ ಎಂದು ನಾವು ಭಾವಿಸಿಬಿಡುತ್ತೇವೆ. ಪರೀಕ್ಷೆಗೆ ಹೆಸರು ಮತ್ತು ಇಸವಿ ನೆನಪಿದ್ದರೆ ಸಾಕಾಗುತ್ತದೆ. ಆದರೆ ಒಮ್ಮೆ ಸೋತು ಬದಿಗೆ ಸರಿದ ವಸ್ತು ದಶಕಗಳ ನಂತರ ಪ್ರಯೋಗಶಾಲೆಗೆ ಮರಳಿ ಬಂದ ಉದಾಹರಣೆಗಳೂ ಇವೆ. ಇಂಧನ ಕೋಶದೊಳಗಿನ ಪಾಲಿಮರ್ ಪೊರೆ ಅವುಗಳಲ್ಲೊಂದು.

ಜಲಜನಕವನ್ನು ಉರಿಸದೆಯೇ ಆಮ್ಲಜನಕದೊಡನೆ ಸೇರಿಸಿ ನೇರವಾಗಿ ವಿದ್ಯುತ್ ಪಡೆಯುವ ಸಾಧನವೇ ಇಂಧನ ಕೋಶ. ಹೊಗೆಯಿಲ್ಲ, ಹೊರಬರುವುದು ನೀರು ಮತ್ತು ಶಾಖ ಮಾತ್ರ. ಇದರ ತತ್ವವನ್ನು ವೇಲ್ಸ್‌ನ ವಿಲಿಯಂ ಗ್ರೋವ್ 1839ರಲ್ಲಿ ಪ್ರಯೋಗದಿಂದ ತೋರಿಸಿದರು. ಅವರು ವೃತ್ತಿಯಿಂದ ವಕೀಲರು. ಮುಂದೆ ನ್ಯಾಯಾಧೀಶರೂ ಆದರು. ಅವರ ಕೋಶದಲ್ಲಿ ಪ್ಲಾಟಿನಂ ಪಟ್ಟಿಗಳ ನಡುವೆ ಇದ್ದುದು ನೀರು ಬೆರೆಸಿದ ಗಂಧಕಾಮ್ಲ. ದ್ರವವೆಂದ ಮೇಲೆ ಚೆಲ್ಲುತ್ತದೆ, ಸೋರುತ್ತದೆ. ಅದರ ಬದಲು ಘನವಾದ ಪೊರೆಯನ್ನೇ ಇಡಬಹುದೆಂಬ ಯೋಚನೆ ಕೈಗೂಡಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲ್ಲರ್ಡ್ ಥಾಮಸ್ ಗ್ರಬ್ ಆ ಕೆಲಸ ಮಾಡಿದರು. ಮೂರು ವರ್ಷಗಳ ನಂತರ ಅದೇ ಕಂಪನಿಯ ಲಿಯೊನಾರ್ಡ್ ನೀಡ್ರಾಕ್ ಪೊರೆಯ ಮೇಲೆಯೇ ಪ್ಲಾಟಿನಂ ಕೂರಿಸುವ ವಿಧಾನ ಕಂಡುಕೊಂಡರು. ಪೊರೆಗೆ ಬಳಸಿದ್ದು ಪಾಲಿಸ್ಟೈರೀನ್. ಅದರ ಸರಪಳಿಗಳಿಗೆ ಆಮ್ಲದ ಗುಂಪುಗಳನ್ನು ಜೋಡಿಸಿದರೆ ಪೊರೆ ನೀರನ್ನು ಹೀರಿಕೊಳ್ಳುತ್ತದೆ. ಆ ನೀರಿನ ದಾರಿಯಲ್ಲಿ ಜಲಜನಕದ ಪ್ರೋಟಾನುಗಳು ದಾಟುತ್ತವೆ. ದಾಟಲಾಗದ ಎಲೆಕ್ಟ್ರಾನುಗಳು ಹೊರಗಿನ ತಂತಿಯನ್ನು ಸುತ್ತಿ ಬರುತ್ತವೆ. ನಮಗೆ ಸಿಗುವ ವಿದ್ಯುತ್ ಅದೇ.

ಇಲ್ಲೊಂದು ತೊಡಕು. ಆಮ್ಲದ ಗುಂಪು ಹೆಚ್ಚಾದರೆ ಪೊರೆ ಊದಿಕೊಂಡು ಕೊನೆಗೆ ನೀರಿನಲ್ಲಿ ಕರಗಿಯೇ ಹೋಗುತ್ತದೆ. ಹಾಗಾಗದಂತೆ ಸರಪಳಿಗಳನ್ನು ಒಂದಕ್ಕೊಂದು ಕಟ್ಟಬೇಕು. ಮೀನಿನ ಬಲೆಯನ್ನು ನೋಡಿ. ಗಂಟುಗಳಿಲ್ಲದಿದ್ದರೆ ಅದು ಬಲೆಯಲ್ಲ, ಬರೀ ನೂಲು. ಡೈವಿನೈಲ್ ಬೆಂಜೀನ್ ಎಂಬ ರಾಸಾಯನಿಕ ಪಾಲಿಸ್ಟೈರೀನಿನ ಸರಪಳಿಗಳ ನಡುವೆ ಅಂಥ ಗಂಟು ಹಾಕುತ್ತದೆ. ಇದನ್ನೇ ಅಡ್ಡಬಂಧ ಎನ್ನುತ್ತೇವೆ. ಗಂಟು ಕಡಿಮೆಯಾದರೆ ಪೊರೆ ಸಡಿಲ. ಹೆಚ್ಚಾದರೆ ನೀರು ಹೀರದು, ಪ್ರೋಟಾನ್ ದಾಟದು, ಪೊರೆಯೂ ಪೆಡಸಾಗಿ ಬಿರಿಯುತ್ತದೆ. ಹದ ಸಿಗುವುದೇ ಕಷ್ಟ.

1965ರ ಆಗಸ್ಟ್‌ನಲ್ಲಿ ಜೆಮಿನಿ 5 ನೌಕೆ ಇಂಥ ಕೋಶಗಳನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ಮಾನವಸಹಿತ ಬಾಹ್ಯಾಕಾಶ ಯಾನದಲ್ಲಿ ಇಂಧನ ಕೋಶ ಬಳಕೆಯಾದದ್ದು ಅದೇ ಮೊದಲು. ಸುಮಾರು ಎಂಟು ದಿನಗಳ ಯಾನ ಪೂರ್ಣಗೊಂಡಿತು. ಆದರೆ ಕೋಶದ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ, ಏಕೆಂದರೆ ಪೊರೆಯೇ ಸವೆದು ನೀರಿಗೆ ಸೇರುತ್ತಿತ್ತು. ಕೋಶದೊಳಗೆ ಹುಟ್ಟುವ ಪೆರಾಕ್ಸೈಡ್ ಪಾಲಿಸ್ಟೈರೀನಿನ ಇಂಗಾಲ–ಜಲಜನಕ ಬಂಧಗಳನ್ನು ಮುರಿಯುತ್ತಿತ್ತು. ಚಂದ್ರನತ್ತ ಹೊರಟ ಅಪೊಲೊ ನೌಕೆಗಳಿಗೆ ಕ್ಷಾರ ದ್ರಾವಣದ ಬೇರೆ ಬಗೆಯ ಕೋಶಗಳನ್ನು ಆರಿಸಲಾಯಿತು.

ಗಮನಿಸಿ, ಸೋತದ್ದು ಗಂಟಲ್ಲ, ನೂಲು. ಆ ಕೊರತೆ ನೀಗಿದ್ದು 1960ರ ದಶಕದ ಕೊನೆಗೆ ಡ್ಯುಪಾಂಟ್ ಕಂಪನಿಯ ವಾಲ್ಟರ್ ಗ್ರೋಟ್ ರೂಪಿಸಿದ ನಾಫಿಯಾನ್. ಟೆಫ್ಲಾನ್‌ನ ಬಂಧುವಾದ ಇದರಲ್ಲಿ ಜಲಜನಕದ ಜಾಗದಲ್ಲಿ ಫ್ಲೋರಿನ್ ಇದೆ. ಅಡ್ಡಬಂಧವಿಲ್ಲದೆಯೂ ಸಾವಿರಾರು ಗಂಟೆ ಬಾಳಿತು. ಹಳೆಯ ಪೊರೆ ಹಿಂದೆ ಸರಿಯಿತು.

ಆದರೆ ನಾಫಿಯಾನ್ ದುಬಾರಿ. ನೂರು ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಒಣಗಿ ಮಂದವಾಗುತ್ತದೆ. ಮೇಲಾಗಿ ಇಂಥ ಫ್ಲೋರಿನ್ ವಸ್ತುಗಳು ಮಣ್ಣು-ನೀರಿನಲ್ಲಿ ಕೊಳೆಯದೆ ಉಳಿಯುತ್ತವೆಂಬ ಆತಂಕದಿಂದ 2023ರಲ್ಲಿ ಯುರೋಪಿನ ಐದು ದೇಶಗಳು ಅವುಗಳ ಮೇಲೆ ನಿರ್ಬಂಧ ಪ್ರಸ್ತಾಪಿಸಿದವು. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯ ವಿಜ್ಞಾನಿಗಳು ಹಳೆಯ ಪಾಠವನ್ನು ಮತ್ತೆ ತೆರೆದಿದ್ದರು. ಅವರು ಫ್ಲೋರಿನ್ ಹಾಳೆಗೆ ವಿಕಿರಣದ ನೆರವಿನಿಂದ ಸ್ಟೈರೀನ್ ಕಸಿಮಾಡಿ, ಅದೇ ಡೈವಿನೈಲ್ ಬೆಂಜೀನಿನಿಂದ ಗಂಟು ಹಾಕಿದರು. ಆ ಪೊರೆಗಳು ಸಾವಿರಾರು ಗಂಟೆ ಬಾಳಿದವು. ಫ್ಲೋರಿನ್ನೇ ಇಲ್ಲದ, ಅಡ್ಡಬಂಧದ ಬಲದಿಂದ ನಿಲ್ಲುವ ಅಗ್ಗದ ಪೊರೆಗಳಿಗಾಗಿ ಹಲವು ದೇಶಗಳಲ್ಲಿ ಹುಡುಕಾಟ ನಡೆದಿದೆ.

ನಮ್ಮ ದೇಶವೂ ಈ ಹಾದಿಯಲ್ಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ, 2024ರ ಜನವರಿಯಲ್ಲಿ 100 ವ್ಯಾಟ್ ಸಾಮರ್ಥ್ಯದ ಪಾಲಿಮರ್ ಪೊರೆಯ ಇಂಧನ ಕೋಶವನ್ನು ಕಕ್ಷೆಯಲ್ಲಿ ಯಶಸ್ವಿಯಾಗಿ ಪರೀಕ್ಷಿಸಿತು.

ವಿದ್ಯಾರ್ಥಿ ಮಿತ್ರರೇ, ಜೆಮಿನಿಯ ಪೊರೆ ಸವೆದಾಗ ಅಂದಿನವರು 'ಇದು ಕೆಲಸಕ್ಕೆ ಬಾರದು' ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ಯಾವ ಬಂಧ ಮುರಿಯಿತು, ಏಕೆ ಮುರಿಯಿತು ಎಂದು ಹುಡುಕಿ ಬರೆದಿಟ್ಟರು. ಆ ಬರಹವೇ ಮುಂದಿನ ತಲೆಮಾರಿಗೆ ದಾರಿಯಾಯಿತು. ನಿಮ್ಮ ಪ್ರಯೋಗದಲ್ಲಿ ನಿರೀಕ್ಷಿಸಿದ ಉತ್ತರ ಬಾರದಿದ್ದಾಗ ದಾಖಲೆ ಪುಸ್ತಕದಲ್ಲಿ ಅಂಕಿ ತಿದ್ದಬೇಡಿ. ಬಂದದ್ದನ್ನೇ ಬರೆಯಿರಿ, ಕಾರಣ ಹುಡುಕಿ. ಯಾವ ಪುಟ ಯಾರಿಗೆ, ಎಂದು ಉಪಯೋಗಕ್ಕೆ ಬಂದೀತೆಂದು ಇಂದು ಹೇಳಲಾಗದು.