ಏಜ್ ಆಫ್ ಎಂಪೈರ್ಸ್ 2: ಆರಂಭ, ವಿಸ್ತರಣೆಗಳು ಮತ್ತು ಸೇಲಂ–ಧರ್ಮಪುರಿ ಸೀಮೆ

ಏಜ್ ಆಫ್ ಎಂಪೈರ್ಸ್ 2 ಮಧ್ಯಯುಗದ ರಾಜ್ಯಗಳನ್ನು ಕಟ್ಟಿ ಕಾದಾಡುವ ಕಂಪ್ಯೂಟರ್ ತಂತ್ರಗಾರಿಕೆಯ ಆಟ. ಅಮೆರಿಕದ ಎನ್‌ಸೆಂಬಲ್ ಸ್ಟುಡಿಯೋಸ್ ಇದನ್ನು ರೂಪಿಸಿತು. ಮೈಕ್ರೋಸಾಫ್ಟ್ 1999ರಲ್ಲಿ 'ದಿ ಏಜ್ ಆಫ್ ಕಿಂಗ್ಸ್' ಎಂಬ ಉಪಶೀರ್ಷಿಕೆಯೊಂದಿಗೆ ಹೊರತಂದಿತು. 2022ರ ಏಪ್ರಿಲ್‌ನಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ವಿಸ್ತರಣೆ ದಕ್ಷಿಣ ಭಾರತಕ್ಕೆ 'ದ್ರಾವಿಡಿಯನ್ಸ್' ಎಂಬ ಪ್ರತ್ಯೇಕ ನಾಗರಿಕತೆಯನ್ನು ಕೊಟ್ಟಿತು. ಅದರ ವಿಶೇಷ ತಂತ್ರಜ್ಞಾನ 'ವೂಟ್ಸ್ ಸ್ಟೀಲ್', ಅಂದರೆ ದಕ್ಷಿಣದ ಮೂಸೆ ಉಕ್ಕು. ಈ ಉಕ್ಕಿನ ಹೆಸರಾಂತ ನೆಲೆಗಳಲ್ಲಿ ಸೇಲಂ ಸೀಮೆಯೂ ಒಂದು. ಹೀಗಾಗಿ ಸೇಲಂ, ಧರ್ಮಪುರಿಯ ಕನ್ನಡ ಮನೆಗಳ ಮಕ್ಕಳಿಗೆ ಈ ಜಟಿಲ ಆಟವನ್ನು ಕಲಿಯಲು ತಮ್ಮ ನೆಲದ ಚರಿತ್ರೆಯೇ ಒಳ್ಳೆಯ ಪ್ರವೇಶದ್ವಾರ.

ಆಟದ ತಳಹದಿ

ಆಟಗಾರರು ಸರದಿಗೆ ಕಾಯುವುದಿಲ್ಲ. ಎಲ್ಲರ ನಡೆಯೂ ಏಕಕಾಲಕ್ಕೆ ಸಾಗುತ್ತದೆ. ಆಹಾರ, ಮರ, ಚಿನ್ನ, ಕಲ್ಲು ಎಂಬ ನಾಲ್ಕು ಸಂಪನ್ಮೂಲಗಳ ಮೇಲೆ ಎಲ್ಲವೂ ನಿಂತಿದೆ. ಸಾಮಾನ್ಯ ಪಂದ್ಯ ಒಂದು ಟೌನ್ ಸೆಂಟರ್, ಮೂವರು ವಿಲೇಜರ್‌ಗಳು ಮತ್ತು ಒಬ್ಬ ಕುದುರೆ ಬೇಹಿನವನಿಂದ ಶುರುವಾಗುತ್ತದೆ. ರಾಜ್ಯವು ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ನಾಲ್ಕು ಯುಗಗಳನ್ನು ಹಾದುಹೋಗುತ್ತದೆ. ಫ್ಯೂಡಲ್ ಯುಗಕ್ಕೆ 500 ಆಹಾರ, ಕ್ಯಾಸಲ್ ಯುಗಕ್ಕೆ 800 ಆಹಾರ ಮತ್ತು 200 ಚಿನ್ನ, ಇಂಪೀರಿಯಲ್ ಯುಗಕ್ಕೆ 1000 ಆಹಾರ ಮತ್ತು 800 ಚಿನ್ನ ತೆರಬೇಕು. ವಾಡಿಕೆಯ ಪಂದ್ಯದಲ್ಲಿ ಜನಸಂಖ್ಯೆಯ ಮಿತಿ 200. ದುಡಿಯುವವರೂ ಕಾದುವವರೂ ಈ ಲೆಕ್ಕದೊಳಗೇ ಬರುತ್ತಾರೆ.

ಯುದ್ಧದಲ್ಲಿ ಪ್ರತಿ ಪಡೆಗೂ ಅದನ್ನು ಮಣಿಸುವ ಇನ್ನೊಂದು ಪಡೆ ಇದೆ. ಈಟಿಯವರು ಕುದುರೆ ಸವಾರರನ್ನು ತಡೆಯುತ್ತಾರೆ, ಸ್ಕರ್ಮಿಷರ್‌ಗಳು ಬಿಲ್ಲುಗಾರರನ್ನು ಹಿಮ್ಮೆಟ್ಟಿಸುತ್ತಾರೆ, ಕುದುರೆ ಪಡೆ ಸ್ಕರ್ಮಿಷರ್‌ಗಳನ್ನು ತುಳಿದುಹಾಕುತ್ತದೆ. ಎದುರಾಳಿ ಏನು ಕಟ್ಟುತ್ತಿದ್ದಾನೆಂದು ಬೇಹಿನಿಂದ ತಿಳಿಯದವನು ದೊಡ್ಡ ಸೈನ್ಯವಿದ್ದರೂ ಸೋಲುತ್ತಾನೆ. ಎರಡು ಬದಿಯ ಬಲ ಬೇರೆಬೇರೆ ಬಗೆಯದಾಗಿದ್ದರೂ ಆಟ ಸಮತೂಕದಲ್ಲಿರಬಹುದು ಎಂಬ ತತ್ತ್ವ ಈ ನಾಡಿಗೆ ಹೊಸದಲ್ಲ. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ನೆಲದ ಮೇಲೆ ಗೆರೆ ಎಳೆದು ಆಡುವ ಆಡು–ಹುಲಿ ಆಟದಲ್ಲಿ ಮೂರು ಹುಲಿಗಳಿಗೆ ಎದುರಾಗಿ 15 ಆಡುಗಳಿರುತ್ತವೆ: ಹುಲಿ ಹಾರಿ ಕೊಲ್ಲುತ್ತದೆ, ಆಡುಗಳು ಒಗ್ಗಟ್ಟಾಗಿ ಹುಲಿಯ ದಾರಿ ಕಟ್ಟುತ್ತವೆ.

ಮೊದಲ ಹತ್ತು ನಿಮಿಷ

ಹೊಸಬರು ಮೊದಲು ಸೈನ್ಯದತ್ತ ಓಡುತ್ತಾರೆ. ಆದರೆ ಆಟದ ಬೇರು ದುಡಿಮೆಯಲ್ಲಿದೆ. ಟೌನ್ ಸೆಂಟರ್ ಒಂದು ಕ್ಷಣವೂ ಸುಮ್ಮನಿರಬಾರದು ಎಂಬುದು ಮೊದಲ ಪಾಠ. ಒಬ್ಬ ವಿಲೇಜರ್‌ನ ಬೆಲೆ 50 ಆಹಾರ, ತಯಾರಾಗಲು ಬೇಕಾದ ಕಾಲ 25 ಸೆಕೆಂಡು. ಪ್ರತಿ ಮನೆ ಐದು ಜನರಿಗೆ ಮಾತ್ರ ಜಾಗ ಕೊಡುವುದರಿಂದ, ಜಾಗ ಮುಗಿಯುವ ಮುಂಚೆಯೇ ಮುಂದಿನ ಮನೆ ಎದ್ದಿರಬೇಕು.

ಮೊದಲ ಆರು ಜನರನ್ನು ಕುರಿಗಳ ಮೇಲೆ, ಆಮೇಲೆ ಬಂದ ಮೂರು–ನಾಲ್ವರನ್ನು ಮರಕ್ಕೆ ಹಚ್ಚುವುದು ರೂಢಿಯ ಕ್ರಮ. ಬಳಿಕ ಕಾಡುಹಂದಿಯನ್ನು ಕೆಣಕಿ ಟೌನ್ ಸೆಂಟರ್‌ವರೆಗೆ ಓಡಿಸಿಕೊಂಡು ಬಂದು, ಎಲ್ಲರೂ ಸೇರಿ ಕೊಲ್ಲಬೇಕು. ಹಣ್ಣಿನ ಪೊದೆಗಳ ಪಕ್ಕ ಮಿಲ್, ಕಾಡಿನಂಚಿಗೆ ಲಂಬರ್ ಕ್ಯಾಂಪ್ ಕಟ್ಟಿದರೆ ನಡಿಗೆ ಉಳಿಯುತ್ತದೆ. ಸುಮಾರು 20 ವಿಲೇಜರ್‌ಗಳಾದಾಗ ಫ್ಯೂಡಲ್ ಯುಗಕ್ಕೆ ಹೆಜ್ಜೆ ಇಡುವುದು ಆರಂಭಿಕರಿಗೆ ಒಳ್ಳೆಯ ಗುರಿ. ಬೇಟೆಯೂ ಹಣ್ಣೂ ತೀರುವ ಮುನ್ನ ಮರ ಖರ್ಚು ಮಾಡಿ ಹೊಲಗಳನ್ನು ಹಾಕಬೇಕು.

ಇದನ್ನು ಕೈಗೆ ರೂಢಿಸಲು ಆಟದೊಳಗೇ ಸಾಧನಗಳಿವೆ. ವಿಲಿಯಂ ವಾಲೇಸ್ ಕಥಾಸರಣಿ ಮೂಲ ಆಜ್ಞೆಗಳನ್ನು ಒಂದೊಂದಾಗಿ ಕಲಿಸುತ್ತದೆ. 2019ರ ನವೆಂಬರ್‌ನಲ್ಲಿ ಬಂದ 'ಡೆಫಿನಿಟಿವ್ ಎಡಿಷನ್'ನ 'ದಿ ಆರ್ಟ್ ಆಫ್ ವಾರ್' ವಿಭಾಗ ಆರಂಭದ ಆರ್ಥಿಕತೆ ಮತ್ತು ಪಡೆಗಳ ಎದುರಾಟವನ್ನು ಸಮಯ ಅಳೆದು ಪದಕ ಕೊಟ್ಟು ಅಭ್ಯಾಸ ಮಾಡಿಸುತ್ತದೆ.

ವಿಸ್ತರಣೆಗಳು

ಮೂಲ ಆಟದಲ್ಲಿ 13 ನಾಗರಿಕತೆಗಳಿದ್ದವು. 2000ರ 'ದಿ ಕಾಂಕರರ್ಸ್' ಐದನ್ನು ಸೇರಿಸಿತು. 2013ರ 'ಎಚ್‌ಡಿ ಎಡಿಷನ್' ಆಟಕ್ಕೆ ಮರುಜೀವ ಕೊಟ್ಟಿತು. ಅದೇ ವರ್ಷದ 'ದಿ ಫರ್ಗಾಟನ್' ವಿಸ್ತರಣೆಯಲ್ಲಿ 'ಇಂಡಿಯನ್ಸ್' ಮೊದಲ ಬಾರಿಗೆ ಕಾಣಿಸಿಕೊಂಡರು. 2015ರ 'ದಿ ಆಫ್ರಿಕನ್ ಕಿಂಗ್‌ಡಮ್ಸ್', 2016ರ 'ರೈಸ್ ಆಫ್ ದಿ ರಾಜಾಸ್' ನಂತರದವು. ಇವೆಲ್ಲ 'ಡೆಫಿನಿಟಿವ್ ಎಡಿಷನ್'ನಲ್ಲಿ ಅಡಕವಾಗಿವೆ. ಅದಾದ ಮೇಲೆ 2021ರಲ್ಲಿ 'ಲಾರ್ಡ್ಸ್ ಆಫ್ ದಿ ವೆಸ್ಟ್' ಮತ್ತು 'ಡಾನ್ ಆಫ್ ದಿ ಡ್ಯೂಕ್ಸ್', 2022ರಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ', 2023ರಲ್ಲಿ 'ರಿಟರ್ನ್ ಆಫ್ ರೋಮ್' ಮತ್ತು 'ದಿ ಮೌಂಟನ್ ರಾಯಲ್ಸ್', 2025ರಲ್ಲಿ 'ದಿ ತ್ರೀ ಕಿಂಗ್‌ಡಮ್ಸ್' ಬಂದವು.

ಇಡೀ ಉಪಖಂಡವನ್ನು ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದ ಕೊರತೆಯನ್ನು 'ಡೈನಾಸ್ಟೀಸ್ ಆಫ್ ಇಂಡಿಯಾ' ತಕ್ಕಮಟ್ಟಿಗೆ ತುಂಬಿತು. ಹಳೆಯ 'ಇಂಡಿಯನ್ಸ್' ಹೆಸರು 'ಹಿಂದೂಸ್ತಾನೀಸ್' ಆಯಿತು. ಬೆಂಗಾಲೀಸ್, ಗುರ್ಜರಾಸ್, ದ್ರಾವಿಡಿಯನ್ಸ್ ಹೊಸದಾಗಿ ಬಂದರು. ಬಾಬರ್, ದೇವಪಾಲ ಮತ್ತು ರಾಜೇಂದ್ರ ಚೋಳರ ಕಥಾಸರಣಿಗಳೂ ಸೇರಿದವು.

ಹೊಸಬರು ಎಲ್ಲ ವಿಸ್ತರಣೆಗಳನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. 'ಡೆಫಿನಿಟಿವ್ ಎಡಿಷನ್'ನ ಮೂಲ ಆವೃತ್ತಿಯಲ್ಲೇ ಮೂವತ್ತಕ್ಕೂ ಹೆಚ್ಚು ನಾಗರಿಕತೆಗಳಿವೆ, ಮತ್ತು ಆರ್ಥಿಕತೆಯ ಪಾಠ ಎಲ್ಲಕ್ಕೂ ಒಂದೇ. ಅದು ಕೈಗೆ ಹತ್ತಿದ ಮೇಲೆ ಒಂದು ವಿಸ್ತರಣೆಯನ್ನು ಆರಿಸಿ, ಅದರ ಒಂದೇ ನಾಗರಿಕತೆಯಲ್ಲಿ ನೆಲೆನಿಲ್ಲುವುದು ಲೇಸು.

ದ್ರಾವಿಡಿಯನ್ಸ್ ಆಡುವ ಬಗೆ

ಇದು ಕಾಲಾಳು ಮತ್ತು ನೌಕಾಬಲದ ನಾಗರಿಕತೆ. ಬಿಡುಗಡೆಯಾದಾಗ ಪ್ರತಿ ಹೊಸ ಯುಗಕ್ಕೆ 200 ಮರ ಉಡುಗೊರೆಯಾಗಿ ಸಿಗುತ್ತಿತ್ತು, ಬ್ಯಾರಕ್ಸ್‌ನ ತಂತ್ರಜ್ಞಾನಗಳು ಅರ್ಧ ಬೆಲೆಗೆ ದೊರೆಯುತ್ತಿದ್ದವು. ವಿಶೇಷ ಪಡೆಗಳು ಎರಡು: ಬಳುಕುವ ಕತ್ತಿಯ ಉರುಮಿ ಯೋಧ ಮತ್ತು ತಿರಿಸಡೈ ಎಂಬ ದೊಡ್ಡ ಯುದ್ಧನೌಕೆ. ನೈಟ್ ಸವಾರರಿಲ್ಲದಿರುವುದು ಇದರ ದೊಡ್ಡ ದೌರ್ಬಲ್ಯ. ಬಯಲಿನಲ್ಲಿ ವೇಗದ ದಾಳಿ ಎದುರಾದಾಗ ಈಟಿಯವರನ್ನೇ ನೆಚ್ಚಬೇಕಾಗುತ್ತದೆ. ವೂಟ್ಸ್ ಸ್ಟೀಲ್ ಕೈಗೂಡಿದ ಮೇಲೆ ಕಾಲಾಳು ಮತ್ತು ಕುದುರೆ ಪಡೆಯ ಏಟಿಗೆ ಎದುರಾಳಿಯ ಕವಚ ಅಡ್ಡಬರುವುದಿಲ್ಲ. ಹೀಗಾಗಿ ಮೊದಲರ್ಧದಲ್ಲಿ ತಾಳಿ ನಿಂತು ಕೊನೆಯಲ್ಲಿ ಕಾಲಾಳು ಸೈನ್ಯವನ್ನು ನುಗ್ಗಿಸುವುದು ಇದರ ಸಹಜ ನಡೆ.

ಆಟದ ಹಿಂದಿನ ಉಕ್ಕು

ಸೇಲಂ ಪಕ್ಕದ ಕಂಜಮಲೈ ಬೆಟ್ಟ ಮ್ಯಾಗ್ನಟೈಟ್ ಕಬ್ಬಿಣದ ಅದಿರಿಗೆ ಹೆಸರಾದದ್ದು. ಮೆದು ಕಬ್ಬಿಣದ ತುಂಡನ್ನು ಆವರಿಕೆ ಗಿಡದ ಕಟ್ಟಿಗೆ ಮತ್ತು ಎಕ್ಕದಂಥ ಗಿಡಗಳ ಹಸಿ ಎಲೆಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿ ಊದಿ ಕಾಯಿಸುತ್ತಿದ್ದರು. ಕಟ್ಟಿಗೆ ಮತ್ತು ಎಲೆಯ ಇಂಗಾಲ ಕಬ್ಬಿಣಕ್ಕೆ ಇಳಿದು ಗಟ್ಟಿ ಉಕ್ಕಾಗುತ್ತಿತ್ತು. ಪಕ್ಕದ ಈರೋಡ್ ಜಿಲ್ಲೆಯ ಕೊಡುಮಣಲ್, ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿ ಮೂಸೆ ಉಕ್ಕಿನ ಇತರ ನೆಲೆಗಳು. ಮೈಕೆಲ್ ಫ್ಯಾರಡೆ 1819ರಲ್ಲಿ ಭಾರತದ ಈ ಉಕ್ಕಿನ ವಿಶ್ಲೇಷಣೆ ಪ್ರಕಟಿಸಿದ. ಸೇಲಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಜೋಸಾಯಾ ಮಾರ್ಷಲ್ ಹೀತ್ ಈ ಸೀಮೆಯ ಅದಿರನ್ನು ನೆಚ್ಚಿ 1830ರ ಹೊತ್ತಿಗೆ ಪರಂಗಿಪೇಟೆಯಲ್ಲಿ ಕಾರ್ಖಾನೆ ತೆರೆದ. ಇಂದು ಕಂಜಮಲೈ ತಪ್ಪಲಿನಲ್ಲಿರುವ ಸೇಲಂ ಉಕ್ಕು ಸ್ಥಾವರ 1981ರಲ್ಲಿ ಉತ್ಪಾದನೆ ಆರಂಭಿಸಿತು. ಆಟದಲ್ಲಿ ಒಂದು ಗುಂಡಿ ಒತ್ತಿದರೆ ಸಿಗುವ ಶಕ್ತಿಯ ಹಿಂದೆ ಹೆಸರು ಉಳಿಯದ ಕಮ್ಮಾರರ ತಲೆಮಾರುಗಳ ಜ್ಞಾನವಿದೆ.

ಚರಿತ್ರೆ ಮತ್ತು ಆಟದ ಮಿತಿ

ಧರ್ಮಪುರಿ ಹಳೆಯ ತಗಡೂರು. ಸಂಗಂ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ಊರು. ಮುಂದೆ ನೊಳಂಬರು ಇಲ್ಲಿ ಆಳಿದರು. 9ನೆಯ ಶತಮಾನದ ಅವರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿವೆ. ಒಂದನೆಯ ರಾಜರಾಜ ಚೋಳನು ಗೆದ್ದ ನಾಡುಗಳಲ್ಲಿ ಗಂಗಪಾಡಿ, ನೊಳಂಬಪಾಡಿ ಎರಡೂ ಇವೆ. ಅವನ ಮಗ ರಾಜೇಂದ್ರನೇ ಆಟದ ಕಥಾನಾಯಕ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ತಲಕಾಡನ್ನು ಚೋಳರಿಂದ ಬಿಡಿಸಿಕೊಂಡ.

ಆಟ ಈ ಕನ್ನಡ ಮತ್ತು ತಮಿಳು ಅರಸುಮನೆತನಗಳನ್ನೆಲ್ಲ ಒಂದೇ ನಾಗರಿಕತೆಯೊಳಗೆ ಸೇರಿಸುತ್ತದೆ. ಚೋಳನಿಗೂ ಹೊಯ್ಸಳನಿಗೂ ಒಂದೇ ಪಡೆ, ಒಂದೇ ಕಟ್ಟಡ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಆಟದ ಬರಹ ಇಲ್ಲ. ಇದನ್ನು ಚರಿತ್ರೆಯ ಪಠ್ಯವೆಂದು ತಿಳಿಯದೆ, ಚರಿತ್ರೆಯ ಕುತೂಹಲಕ್ಕೆ ಆರಂಭವೆಂದು ತೆಗೆದುಕೊಳ್ಳುವುದು ಸರಿ.

ಈ ಕೊರತೆಯನ್ನು ಆಟಗಾರರೇ ತುಂಬಬಹುದು. 1999ರಿಂದಲೂ ಆಟದ ಜೊತೆಗಿರುವ ಸಿನಾರಿಯೋ ಎಡಿಟರ್‌ನಲ್ಲಿ ಯಾರು ಬೇಕಾದರೂ ತಮ್ಮ ಭೂಪಟ ರಚಿಸಬಹುದು. ಹೊಗೇನಕಲ್‌ನಿಂದ ಇಳಿಯುವ ಕಾವೇರಿ, ಧರ್ಮಪುರಿ–ಸೇಲಂ ನಡುವಿನ ತೊಪ್ಪೂರು ಘಾಟಿ, ಯೇರ್ಕಾಡಿನ ಶೆವರಾಯ್ ಬೆಟ್ಟ, ಕಂಜಮಲೈಯ ಅದಿರು ಒಂದೇ ಭೂಪಟಕ್ಕೆ ಹೊಂದುತ್ತವೆ. ಕಣಿವೆ ಕಾಯುವವನಿಗೆ ಬಯಲಿನವನಿಗಿಂತ ಕಡಿಮೆ ಸೈನ್ಯ ಸಾಕು ಎಂಬ ಪಾಠ ಅಂಥ ಭೂಪಟದಲ್ಲಿ ಬೇಗ ಮನದಟ್ಟಾಗುತ್ತದೆ. ಮೊದಲು ಆರ್ಥಿಕತೆ, ಆಮೇಲೆ ಒಂದೇ ನಾಗರಿಕತೆ, ನಂತರ ರಾಜೇಂದ್ರನ ಕಥಾಸರಣಿ, ಕೊನೆಗೆ ಸ್ವಂತ ಭೂಪಟ: ಈ ಕ್ರಮದಲ್ಲಿ ಸಾಗಿದವರಿಗೆ ಉಳಿದ ವಿಸ್ತರಣೆಗಳು ಹೊರೆಯೆನಿಸುವುದಿಲ್ಲ.